ರಜಸ್ಸೂತಕವೂ ವಯೋಧರ್ಮವೂ



ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಇಷ್ಟಲಿಂಗಧಾರಿಗಳಿಗೆ ಸಲ್ಲವೆಂಬುದು 12ನೆಯ ಶತಮಾನದ ಶರಣರಿಂದ ಬಂದ ಸಿದ್ಧಾಂತವು. ರಜಸ್ವಲೆಯಾದವಳು ಅಂಗದ ಮೇಲಣ ಲಿಂಗವನ್ನು ತೆಗೆದಿಡಬೇಕಾಗಿಲ್ಲ, ಪೂಜೆಯನ್ನೂ ಬಿಡಬೇಕಾಗಿಲ್ಲ. ಹೀಗಿದ್ದರೂ ಗುರುಗುಂಟೆಯ ಅಮರೇಶ್ವರನ ಜಾತ್ರೆಗೆ ಹೊರಟ ಮಗಳು “ಹೊರಗಾಗಿದ್ದೇನೆ” ಎಂದು ಮನೆಯಲ್ಲಿ ಉಳಿದರೆ, ಸೂತಕವು ಬಾಯಲ್ಲಿ ಹೋಗಿ ಮನದಲ್ಲಿ ನಿಂತಂತಾಯಿತು. ಅದರೊಡನೆ ನಿಲ್ಲುವ ಮೌನವು ಮತ್ತಷ್ಟು ಕೆಡುಕಿನದು.

ಬಾಲೆಗೆ ಸಾಮಾನ್ಯವಾಗಿ 11ರಿಂದ 14 ವರ್ಷಗಳೊಳಗೆ ಋತುವು ಪ್ರಾಪ್ತವಾಗುವುದು. ಮೊದಲ ಎರಡು ವರ್ಷ ತಿಂಗಳು ತಪ್ಪುವುದುಂಟು, ಅದಕ್ಕೆ ಅಂಜಬೇಕಾದುದಿಲ್ಲ. ಯೌವನದಲ್ಲಿ 21ರಿಂದ 35 ದಿವಸಗಳಿಗೊಮ್ಮೆ ಕ್ರಮವಾಗಿ ಬರುವುದು. 40 ಮೀರಿದ ಮೇಲೆ ಅಂಡಾಶಯದ ಶಕ್ತಿಯು ಕುಂದುತ್ತ, ಋತುವು ಏರುಪೇರಾಗಿ, ನಮ್ಮ ದೇಶದ ಸ್ತ್ರೀಯರಲ್ಲಿ ಹೆಚ್ಚಾಗಿ 45ರಿಂದ 50ರೊಳಗೆ ನಿಲ್ಲುವುದು. ಆಗ ಮೈ ಕಾವೇರುವುದು, ಬೆವರುವುದು, ನಿದ್ದೆ ಕೆಡುವುದು. ಇದನ್ನರಿಯದ ಮನೆಯವರು “ಅತ್ತೆಗೆ ಸಿಟ್ಟು ಹೆಚ್ಚಿತು” ಎಂದು ಆಡಿಕೊಳ್ಳುವರು.

ಆದರೆ ಎಲ್ಲವೂ ವಯೋಧರ್ಮವಲ್ಲ. ಅತಿಸ್ರಾವವು ರಕ್ತಹೀನತೆಗೆ ದಾರಿ. ಒಂದು ವರ್ಷ ಪೂರ್ತಿ ನಿಂತ ಬಳಿಕ ಮತ್ತೆ ರಕ್ತ ಕಂಡರೆ ಅದು ಗರ್ಭಾಶಯದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. “ಹೋದ ಮುಟ್ಟು ಮರಳಿತು” ಎಂದು ಸುಮ್ಮನಿರದೆ ಕೂಡಲೆ ವೈದ್ಯರಿಗೆ ತೋರಿಸತಕ್ಕದ್ದು. ನಾಚಿಕೆಯಿಂದ ಕಳೆದ ತಿಂಗಳುಗಳು ಪ್ರಾಣಕ್ಕೆ ಎರವಾಗಬಹುದು.

ಮುಟ್ಟಿನಲ್ಲಿಯೂ ಲಿಂಗವನ್ನು ಕರಸ್ಥಲದಲ್ಲಿ ಹಿಡಿಯಬಲ್ಲ ತಾಯಿಯು ಆ ಮಾತನ್ನು ಮಗಳೊಡನೆ, ಸೊಸೆಯೊಡನೆ, ಪತಿಯೊಡನೆ ಆಡಲು ಅಳುಕಬಾರದು. ಸೂತಕವಿಲ್ಲವೆಂಬ ಮಾತು ಸತ್ಯವಾಗುವುದು ಆಗಲೇ.