ಸಾಲ ತೀರಿದ ಮೇಲೂ ನಿಲ್ಲುವ ಮನೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಮನೆ ಕಟ್ಟುವ ವಿಚಾರವಾಗಿ ನಾಲ್ಕು ಮಾತು ಹೇಳಿ ಅಂದಿದ್ದೀರಿ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಬಡ್ಡಿಸಾಲದಿಂದ ಪಾರಾಗಲಿ ಅಂತ. ಇವತ್ತು ನಮ್ಮಲ್ಲಿ ಅನೇಕರ ಹೆಗಲ ಮೇಲೆ ಬೆಳೆಸಾಲದ ಜೊತೆಗೆ ಮನೆಸಾಲವೂ ಕೂತಿದೆ. ಸಾಲ ತೀರುವ ಮೊದಲೇ ತಾರಸಿ ಸೋರಿದರೆ ಗತಿಯೇನು? ಆದ್ದರಿಂದ ಇದು ಸಂಘಕ್ಕೂ ಸಂಬಂಧಪಟ್ಟ ಮಾತೇ ಸರಿ.

ಹಳೇ ಹೆಂಚಿನ ಮನೆ ಬೇಸಿಗೆಯಲ್ಲಿ ಯಾಕೆ ತಂಪಾಗಿತ್ತು? ಗೋಡೆ ದಪ್ಪ, ಹಗಲಿನ ಕಾವು ಒಳಗೆ ದಾಟುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲೆ ಹೋಗುತ್ತಿತ್ತು. ಹಾಗಂತ ಅದರಲ್ಲಿ ಕೊರತೆ ಇರಲಿಲ್ಲ ಅಂತ ಅಲ್ಲ. ಗೆದ್ದಲು, ಕತ್ತಲು, ಒಲೆಯ ಹೊಗೆ ಎಲ್ಲಾ ಇತ್ತು. ಅದರ ಗುಣ ಇಟ್ಟುಕೊಂಡು ದೋಷ ಬಿಡೋದೇ ಜಾಣತನ. ಗೋಡೆ ಗಟ್ಟಿಯಿದ್ದರೆ ಕೆಡವಬೇಡಿ. ಜಂತೆ ಬದಲಿಸಿ, ಬೆಳಕಿಗೆ ನಾಲ್ಕು ಗಾಜಿನ ಹೆಂಚು ಹಾಕಿಸಿ.

ಹೊಸದಾಗಿ ಕಟ್ಟುವವರು ಮೊದಲು ಬಿಸಿಲನ್ನು ನೋಡಬೇಕು. ಮಧ್ಯಾಹ್ನ ಮೇಲೆ ಪಡುವಣದ ಬಿಸಿಲು ಓರೆಯಾಗಿ ಬೀಳುತ್ತದೆ. ಅದನ್ನು ಸಜ್ಜಾ ತಡೆಯೋದಿಲ್ಲ. ಆ ಕಡೆ ದೊಡ್ಡ ಕಿಟಕಿ ಬೇಡ. ಬಚ್ಚಲು, ಉಗ್ರಾಣ ಅಲ್ಲಿರಲಿ, ಹೊರಗೆ ಬೇವೋ ಹೊಂಗೆಯೋ ಬೆಳೆಯಲಿ. ಎದುರುಬದುರು ಕಿಟಕಿ ಇಟ್ಟರೆ ಗಾಳಿ ತಾನೇ ಆಡುತ್ತದೆ.

ಇನ್ನು ಗೋಡೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ಹಳ್ಳಿಗಾಗಿಯೇ ಕೆಲಸ ಮಾಡಿದರು. ಹೊಗೆ ಕೊಳವೆಯ ಅಸ್ತ್ರ ಒಲೆ ಅನೇಕರಿಗೆ ಗೊತ್ತು. ಮಣ್ಣಿನ ಬ್ಲಾಕನ್ನೂ ಅವರು ಪಳಗಿಸಿದರು. ಮರಳಿನ ಅಂಶ ಹೆಚ್ಚಿರುವ ಕೆಂಪು ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ಹಸಿಯಾಗಿಟ್ಟರೆ ಬ್ಲಾಕು ತಯಾರು. ಭಟ್ಟಿಯಲ್ಲಿ ಸುಡುವ ಸೌದೆ ಉಳಿಯಿತು. ಬರೀ ಎರೆಮಣ್ಣು ಇದಕ್ಕೆ ಒಗ್ಗುವುದಿಲ್ಲ. ಅದು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ನೀರೇ ಮಣ್ಣಿನ ಗೋಡೆಯ ಶತ್ರು. ತಳಪಾಯ ಎತ್ತರವಿರಲಿ, ಸೂರು ಮುಂದೆ ಚಾಚಿರಲಿ.

ಸುಟ್ಟ ಇಟ್ಟಿಗೆಯೇ ಬೇಕು ಅನ್ನುವವರಿಗೂ ದಾರಿಯಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಅವರು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ಕ್ರಮವನ್ನು ಜನಪ್ರಿಯ ಮಾಡಿದರು. ಇದರಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಟೊಳ್ಳಿನ ಗಾಳಿ ಕಾವನ್ನೂ ತಡೆಯುತ್ತದೆ. ತಾರಸಿ ಹಾಕುವಾಗ ಕಂಬಿಗಳ ನಡುವೆ, ಕೆಳಭಾಗದಲ್ಲಿ ಮಂಗಳೂರು ಹೆಂಚು ಕೂರಿಸಿದರೆ ಕಾಂಕ್ರೀಟು ಉಳಿತಾಯ. ಆದರೆ ಕಂಬಿಯ ಲೆಕ್ಕ ಇಂಜಿನಿಯರರಿಂದಲೇ ಆಗಬೇಕು. ಅಲ್ಲಿ ಜಿಪುಣತನ ಸಲ್ಲದು. ಈಗಾಗಲೇ ತಾರಸಿ ಇದ್ದವರು ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಹೊಡೆಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ತಾಯಂದಿರೇ, ಮನೆಯ ಒಳಗಿನ ವಿಚಾರ ನಿಮ್ಮದು. ಪೇಟೆಯಿಂದ ತಂದ ಹೊಟ್ಟುಹಲಗೆಯ ಕಪಾಟು ನೀರು ತಾಗಿದರೆ ಉಬ್ಬುತ್ತದೆ. ಗೋಡೆ ಕಟ್ಟುವಾಗಲೇ ಗೂಡು ಬಿಡಿಸಿ, ಕಡಪ ಕಲ್ಲಿನ ತಟ್ಟೆ ಇಡಿಸಿ. ಗೆದ್ದಲೂ ಇಲ್ಲ, ತುಕ್ಕೂ ಇಲ್ಲ. ಕೆಡವಿದ ಮನೆಯ ಹಲಸಿನ ಬಾಗಿಲು ಸೌದೆಗೆ ಹಾಕಬೇಡಿ, ಕೀಸಿ ಎಣ್ಣೆ ಹಚ್ಚಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಚೆನ್ನಾಗಿ ಉಜ್ಜಿ ಮಾಡಿದ ರೆಡ್ ಆಕ್ಸೈಡ್ ನೆಲ ವರ್ಷ ಕಳೆದಷ್ಟೂ ಹೊಳೆಯುತ್ತದೆ.

ಕರೆಂಟಿನ ಲೆಕ್ಕವನ್ನೂ ನೋಡೋಣ. 75 ವ್ಯಾಟಿನ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಈಗ ಸಿಗುವ 30 ವ್ಯಾಟಿನ ಫ್ಯಾನಿಗೆ 11 ಯೂನಿಟ್ ಕೂಡ ಆಗುವುದಿಲ್ಲ. ಬಿಲ್ಲು ಸರ್ಕಾರ ಕಟ್ಟಲಿ, ನಾವೇ ಕಟ್ಟಲಿ, ಆ ಕರೆಂಟು ಎಲ್ಲೋ ಕಲ್ಲಿದ್ದಲು ಸುಟ್ಟೋ ನೀರು ಹರಿಸಿಯೋ ಬಂದದ್ದು ತಾನೇ?

ಕೊನೆಯದಾಗಿ ಸಂಘಕ್ಕೆ ಎರಡು ಕೋರಿಕೆ. ಬ್ಲಾಕು ಒತ್ತುವ ಕೈಯಂತ್ರ ಒಬ್ಬೊಬ್ಬರು ಕೊಳ್ಳುವ ವಸ್ತುವಲ್ಲ. ಸಂಘ ಒಂದು ಕೊಂಡು ಬಾಡಿಗೆಗೆ ಕೊಡಲಿ. ಊರಿನ ಗಾರೆ ಕೆಲಸದ ಹುಡುಗರಿಗೆ ತರಬೇತಿ ಕೊಡಿಸಲಿ. ಹಾಗೆ ಮಾಡಿದರೆ ಸಿಮೆಂಟಿಗೆ, ಲಾರಿಗೆ ಹೋಗುವ ಹಣದಲ್ಲಿ ಒಂದು ಪಾಲು ಕೂಲಿಯಾಗಿ ನಮ್ಮೂರಲ್ಲೇ ಉಳಿಯುತ್ತದೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂದರು ಹಿರಿಯರು. ಎರಡರಲ್ಲೂ ನೆರೆಯವರ ಕಣ್ಣಿಗಾಗಿ ಖರ್ಚು ಮಾಡಿದವರೇ ಸೋತದ್ದು. ನಮ್ಮ ಮನೆ ನಮ್ಮ ಬಿಸಿಲು, ನಮ್ಮ ಮಣ್ಣು, ನಮ್ಮ ಜೇಬು ನೋಡಿ ಏಳಲಿ ಎಂದು ಹಾರೈಸಿ ಮಾತು ಮುಗಿಸುತ್ತೇವೆ.

ಜೈ ಸಹಕಾರ.