ಬಾಣಲೆಯಲ್ಲಿ ಐದು ನಿಮಿಷ: ಥಾಯ್ ಶೈಲಿಯ ನೂಡಲ್ಸ್

ಥಾಯ್ಲೆಂಡಿನ ಹೆಸರಾಂತ ತಿನಿಸು 'ಪ್ಯಾಡ್ ಥಾಯ್'. ಅಕ್ಕಿಯ ನೂಡಲ್ಸನ್ನು ಕಾದ ಬಾಣಲೆಯಲ್ಲಿ ಹುರಿದು ಮಾಡುವ ಇದು ಪ್ರಾಚೀನ ಕಾಲದ ಅಡುಗೆಯೇನೂ ಅಲ್ಲ. ನೂಡಲ್ಸ್ ಆ ದೇಶಕ್ಕೆ ಬಂದದ್ದು ಚೀನೀ ವಲಸೆಗಾರರೊಂದಿಗೆ. 1939ರಲ್ಲಿ ಸಯಾಮ್ ದೇಶಕ್ಕೆ ಥಾಯ್ಲೆಂಡ್ ಎಂದು ಹೆಸರಿಟ್ಟ ಪ್ರಧಾನಿ ಫಿಬುನ್ ಅವರ ಸರ್ಕಾರವೇ 1940ರ ದಶಕದಲ್ಲಿ ನೂಡಲ್ಸ್ ತಿನ್ನಿರೆಂದು ಪ್ರಚಾರ ಮಾಡಿತು. ಹೀಗೆ ಗಾಡಿಯ ತಿನಿಸೊಂದು ರಾಷ್ಟ್ರದ ಹೆಸರನ್ನೇ ಹೊತ್ತುಕೊಂಡಿತು.

ಇದರ ರುಚಿ ನಮಗೆ ಅಪರಿಚಿತವಲ್ಲ. ಹುಳಿಗೆ ಹುಣಸೆ, ಸಿಹಿಗೆ ತಾಳೆಬೆಲ್ಲ, ಮೇಲೆ ಹುರಿದ ಕಡಲೆಕಾಯಿ ಬೀಜ. ಉಪ್ಪಿಗೆ ಮಾತ್ರ ಅಲ್ಲಿ ಮೀನಿನ ಸಾಸ್. ಸಸ್ಯಾಹಾರಿಗಳು ಅದರ ಬದಲು ಸೋಯಾ ಸಾಸ್ ಬಳಸಬಹುದು. ರುಚಿ ತುಸು ಬೇರೆಯಾಗುತ್ತದೆ, ಕೆಡುವುದಿಲ್ಲ.

ಆದರೆ ಮನೆಯಲ್ಲಿ ಮಾಡಿದವರ ದೂರು ಸಾಮಾನ್ಯವಾಗಿ ಒಂದೇ: "ಎಲ್ಲಾ ಮುದ್ದೆಯಾಯಿತು." ಇದು ಕೈಗುಣದ ದೋಷವಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ನೂಡಲ್ಸನ್ನು ಕುದಿಸುವುದು. ಅಕ್ಕಿಯ ನೂಡಲ್ಸ್ ತಯಾರಾಗುವಾಗಲೇ ಒಮ್ಮೆ ಬೆಂದು, ಆಮೇಲೆ ಒಣಗಿರುತ್ತದೆ. ಮತ್ತೆ ಕುದಿಸಿದರೆ ಅದರ ಪಿಷ್ಟ ಅತಿಯಾಗಿ ಉಬ್ಬಿ ಎಳೆಗಳು ಅಂಟಿಕೊಳ್ಳುತ್ತವೆ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಸಾಕು. ಎಳೆ ಬಾಗಬೇಕು, ಆದರೆ ಕಚ್ಚಿದರೆ ಇನ್ನೂ ಗಟ್ಟಿಯಾಗಿರಬೇಕು.

ಎರಡನೆಯದು, ಬಾಣಲೆಯನ್ನು ತುಂಬಿಸುವುದು. ಒಂದು ಗ್ರಾಂ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 75 ಕ್ಯಾಲೊರಿ ಶಾಖ ಸಾಕು. ಕುದಿಯುವ ಅದೇ ನೀರನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ ಬೇಕು. ಮನೆಯ ಒಲೆಯ ಉರಿ ಬೀದಿಗಾಡಿಯ ಒಲೆಯಷ್ಟು ಜೋರಾಗಿರುವುದಿಲ್ಲ. ಹಸಿ ತರಕಾರಿಯನ್ನು ಒಮ್ಮೆಗೇ ಸುರಿದರೆ ನೀರು ಆರುವುದಿಲ್ಲ. ಹುರಿಯುವ ಬದಲು ಎಲ್ಲವೂ ಬೇಯುತ್ತದೆ. ಆದ್ದರಿಂದ ಒಂದು ಸಲಕ್ಕೆ ಇಬ್ಬರಿಗಾಗುವಷ್ಟನ್ನೇ ಮಾಡಿ. ನಾಲ್ಕು ಜನರಿದ್ದರೆ ಎರಡು ಸಲ ಹುರಿಯಿರಿ.

ಈಗ ವಿಧಾನ. ಇಬ್ಬರಿಗೆ 150 ಗ್ರಾಂ ನೂಡಲ್ಸ್ ನೆನೆಸಿ ಬಸಿಯಿರಿ. ಎರಡು ದೊಡ್ಡ ಚಮಚ ಗಟ್ಟಿ ಹುಣಸೆರಸ, ಎರಡು ಚಮಚ ಪುಡಿ ಬೆಲ್ಲ, ಒಂದೂವರೆ ಚಮಚ ಸೋಯಾ ಸಾಸ್ ಇವನ್ನು ಬೆಲ್ಲ ಕರಗುವವರೆಗೆ ಕಲಸಿಡಿ. ಬಾಣಲೆ ಚೆನ್ನಾಗಿ ಕಾದ ಮೇಲೆ ಎರಡು ಚಮಚ ಎಣ್ಣೆ ಹಾಕಿ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ, ಪನೀರ್ ಅಥವಾ ತೋಫು ಚೂರುಗಳನ್ನು ಬಾಡಿಸಿ. ನೂಡಲ್ಸ್, ಕಲಸಿಟ್ಟ ರಸ, ಎರಡು ಚಮಚ ನೀರು ಸೇರಿಸಿ ಎರಡು ನಿಮಿಷ ಕೈಯಾಡಿಸಿ. ಮೊಟ್ಟೆ ತಿನ್ನುವವರು ನೂಡಲ್ಸನ್ನು ಪಕ್ಕಕ್ಕೆ ಸರಿಸಿ ಒಂದು ಮೊಟ್ಟೆ ಒಡೆದು ಕದಡಿ ಬೆರೆಸಬಹುದು. ಕೊನೆಗೆ ಮೊಳಕೆ ಬಂದ ಹೆಸರುಕಾಳು, ಈರುಳ್ಳಿ ಸೊಪ್ಪು ಹಾಕಿ ಒಂದು ನಿಮಿಷ ಹುರಿದು ಇಳಿಸಿ. ಮೇಲೆ ಕಡಲೆಕಾಯಿ ಬೀಜದ ತರಿ ಉದುರಿಸಿ, ನಿಂಬೆಹಣ್ಣು ಹಿಂಡಿ.

ಒಂದು ಎಚ್ಚರಿಕೆ. ಕಡಲೆಕಾಯಿ ಬೀಜ ಕೆಲವರ ಮೈಗೆ ಒಗ್ಗುವುದಿಲ್ಲ. ಕೆಲವೊಮ್ಮೆ ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯವಾಗಬಹುದು. ಅತಿಥಿಗಳಿದ್ದರೆ ಮೊದಲೇ ಕೇಳಿ ತಿಳಿದುಕೊಳ್ಳಿ. ಅಂಥವರಿದ್ದರೆ ಅಂದಿನ ಅಡುಗೆಯಲ್ಲಿ ಕಡಲೆಕಾಯಿ ಬೀಜವೂ ಬೇಡ, ಅದರ ಎಣ್ಣೆಯೂ ಬೇಡ.

ದೂರದರ್ಶನದ ಪರದೆಯ ಮೇಲೆ ಅಡುಗೆ ಐದೇ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಕ್ಯಾಮೆರಾದ ಆಚೆ ಹೆಚ್ಚಿಟ್ಟ, ಅಳೆದಿಟ್ಟ ಬಟ್ಟಲುಗಳ ಸಾಲೇ ಇರುತ್ತದೆ. ಕಾರ್ಯಕ್ರಮ ತಯಾರಿಸುವ ನಮಗೆ ಅದು ಗೊತ್ತು. ನೋಡುವ ನಿಮಗೂ ಗೊತ್ತಿರಲಿ. ಒಲೆ ಹಚ್ಚುವ ಮುನ್ನ ಎಲ್ಲವೂ ಕೈಗೆಟಕುವಂತಿದ್ದರೆ, ನಿಮ್ಮ ಮನೆಯಲ್ಲೂ ಐದೇ ನಿಮಿಷ.