ಕೀಮೋಗೆ ಮೊದಲು ಕೇಳಬೇಕಾದ ಒಂದು ಪ್ರಶ್ನೆ

ಇವತ್ತಿನ ವಿಷಯ ಸಿಎಲ್‌ಎಲ್. ಬಿಳಿ ರಕ್ತಕಣಗಳಲ್ಲಿ ಬಿ-ಕೋಶ ಅಂತ ಇರುತ್ತಲ್ಲ, ಅದರಲ್ಲಿ ನಿಧಾನವಾಗಿ ಬೆಳೆಯೋ ಕ್ಯಾನ್ಸರ್ ಇದು. ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣಿಸುತ್ತೆ. ನಾನು ಡಾಕ್ಟರ್ ಅಲ್ಲ, ಓದಿದ್ದು ಬಿ.ಕಾಂ. ಆದ್ರೆ ಒಟ್ಟು ಮೊತ್ತ ನೋಡಿ ಸುಮ್ಮನಾಗಬಾರದು, ಒಳಗಿನ ಬಾಬ್ತು ಬಿಡಿಸಿ ನೋಡಬೇಕು ಅನ್ನೋದು ನಮ್ಮ ಮೊದಲ ಪಾಠ. ಈ ಕಾಯಿಲೆಗೂ ಅದೇ ಮಾತು.

ಕ್ರೋಮೋಸೋಮ್ ನೋಡೋ ಹಳೇ ವಿಧಾನದಲ್ಲಿ ಕೋಶ ಲ್ಯಾಬ್‌ನಲ್ಲಿ ವಿಭಜನೆ ಆಗಲೇಬೇಕಿತ್ತು. ಸಿಎಲ್‌ಎಲ್ ಕೋಶಗಳು ಅಷ್ಟು ಸುಲಭಕ್ಕೆ ವಿಭಜನೆ ಆಗಲ್ಲ. ಫಿಶ್ ಅನ್ನೋ ಟೆಸ್ಟ್‌ಗೆ ಆ ತೊಡಕಿಲ್ಲ. ಕ್ರೋಮೋಸೋಮಿನ ಯಾವ ತುಂಡು ಇದೆ, ಯಾವುದು ಇಲ್ಲ ಅನ್ನೋದನ್ನ ಹೊಳೆಯೋ ಬಣ್ಣದ ಚುಕ್ಕೆಗಳಿಂದ ಪತ್ತೆ ಮಾಡ್ತಾರೆ. 2000ರಲ್ಲಿ ಜರ್ಮನಿಯ ಹಾರ್ಟ್‌ಮುಟ್ ಡೋನರ್ ತಂಡ 325 ರೋಗಿಗಳನ್ನ ಹೀಗೆ ಪರೀಕ್ಷೆ ಮಾಡಿದ ಫಲಿತಾಂಶ ಪ್ರಕಟಿಸ್ತು. ಶೇ 82ರಷ್ಟು ಜನರಲ್ಲಿ ಏನೋ ಒಂದು ದೋಷ ಸಿಕ್ತು.

ಮುಖ್ಯವಾದದ್ದು ಮುಂದಿದೆ. 13ನೇ ಕ್ರೋಮೋಸೋಮಿನ ತುಂಡು ಮಾತ್ರ ಕಳೆದುಕೊಂಡವರಲ್ಲಿ ಅರ್ಧದಷ್ಟು ಜನ 133 ತಿಂಗಳು ದಾಟಿ ಬದುಕಿದ್ರು. 17ನೇ ಕ್ರೋಮೋಸೋಮಿನ ತುಂಡು ಕಳೆದುಕೊಂಡವರಲ್ಲಿ ಆ ಅವಧಿ ಬರೀ 32 ತಿಂಗಳು. ಕಾಯಿಲೆಯ ಹೆಸರು ಮಾತ್ರ ಎರಡೂ ಕಡೆ ಒಂದೇ! ಇವು ಇಂದಿನ ಔಷಧಿಗಳು ಬರೋಕೆ ಮುಂಚಿನ ಅಂಕಿಗಳು, ಹೆದರಬೇಡಿ.

ಇಷ್ಟೊಂದು ವ್ಯತ್ಯಾಸ ಯಾಕೆ? 17ರ ಆ ತುಂಡಿನಲ್ಲಿ ಟಿಪಿ53 ಅನ್ನೋ ಜೀನ್ ಇದೆ. ಕೀಮೋ ಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತೆ; "ನೀನು ಹಾಳಾಗಿದೀಯ, ಸಾಯಿ" ಅಂತ ಕೋಶಕ್ಕೆ ಆಜ್ಞೆ ಕೊಡೋದು ಟಿಪಿ53. ಅದೇ ಇಲ್ಲದಿದ್ರೆ ಪೆಟ್ಟು ಬಿದ್ದರೂ ಕೋಶ ಬದುಕಿಕೊಳ್ಳುತ್ತೆ. ಸುಸ್ತು, ಸೋಂಕು, ಖರ್ಚು ಎಲ್ಲಾ ರೋಗಿಯ ಪಾಲಿಗೆ, ಲಾಭ ಅಲ್ಪ. ಇಬ್ರುಟಿನಿಬ್ ಥರದ ಮಾತ್ರೆಗಳ ದಾರಿ ಬೇರೆ. ಕೋಶ ಬದುಕೋಕೆ ಬೇಕಾದ ಸಂದೇಶವನ್ನೇ ಅವು ತಡೀತವೆ. ಅಮೆರಿಕದಲ್ಲಿ 2014ರಲ್ಲೇ ಸಿಎಲ್‌ಎಲ್‌ಗೆ ಇದಕ್ಕೆ ಒಪ್ಪಿಗೆ ಸಿಕ್ತು.

ಇನ್ನೆರಡು ಮಾತು. ಈ ದೋಷಗಳು ಕ್ಯಾನ್ಸರ್ ಕೋಶದಲ್ಲಿ ಆಮೇಲೆ ಹುಟ್ಟಿದವು, ಅಪ್ಪ-ಅಮ್ಮನಿಂದ ಬಂದವಲ್ಲ. ಕಾಲ ಕಳೆದಂತೆ ಬದಲಾಗಲೂಬಹುದು, ಹಾಗಾಗಿ ಹಳೇ ರಿಪೋರ್ಟ್ ನಂಬಿ ಕೂರೋ ಹಾಗಿಲ್ಲ.

ಸಿಎಲ್‌ಎಲ್ ಅಂದ ತಕ್ಷಣ ಎಲ್ಲರಿಗೂ ಚಿಕಿತ್ಸೆ ಬೇಕಾಗಲ್ಲ, ಎಷ್ಟೋ ಜನರಿಗೆ ವರ್ಷಗಟ್ಟಲೆ ಬರೀ ತಪಾಸಣೆ ಸಾಕು. ಆದ್ರೆ ಮನೆಯವರಿಗೆ ಚಿಕಿತ್ಸೆ ಶುರು ಮಾಡೋಣ ಅಂತ ಡಾಕ್ಟರ್ ಹೇಳಿದ ದಿನ, ಇಷ್ಟು ಕೇಳಿ: "ಡಾಕ್ಟ್ರೇ, ಫಿಶ್ ಮತ್ತು ಟಿಪಿ53 ಟೆಸ್ಟ್ ಆಗಿದ್ಯಾ? ಏನು ಬಂತು?" ಉತ್ತರ ಸಿಕ್ಕ ಮೇಲೆ ಮುಂದಿನ ಮಾತು.